ಉಳ್ಳಾಗಡ್ಡಿಯ ಬೇರು

ಯಾವ ಕಷಾಯವಾದರೂ ನಮ್ಮ ಮನೆಗಳಲ್ಲಿ ಮೊದಲು ಕುಡಿಯುವುದು ಉಳ್ಳಾಗಡ್ಡಿ. ಲೋಟದ ಬಾಯಿಗೆ ಗಡ್ಡೆ ಕೂರಿಸಿದರೆ ಸಂಜೆಯೊಳಗೆ ಬೇರು ಇಳಿಯುತ್ತದೆ. ಬೇರು ಬೆಳ್ಳಗಿದ್ದರೆ ನಾವೂ ಕುಡಿಯುತ್ತೇವೆ. ನೀಲಿಯಾದರೆ ಕುಡಿದವರ ಮಕ್ಕಳಿಗೆ ಕೇಡು. ಕೆಲವೊಮ್ಮೆ ಅದು ಮೊಮ್ಮಕ್ಕಳಲ್ಲಿ ಕಾಣಿಸುತ್ತದೆ.

ಅಣ್ಣನ ಹೆಂಡತಿ, ನನ್ನ ವೈನಿ ಶಿವಲೀಲಾ ಬಸುರಿ. ಅವಳಿಗೆಂದು ಅವ್ವ ಕುದಿಸಿದ ಕಷಾಯದಲ್ಲಿ ಬೇರು ನೀಲಿಯಾಯಿತು. ಅವ್ವ ಗಡ್ಡೆ ಬದಲಿಸಿದಳು. ಮತ್ತೆ ನೀಲಿ.

"ಹಡದಾಕಿ ನಾನು, ಉಳ್ಳಾಗಡ್ಡಿ ಅಲ್ಲ. ಕುಡಿ ಶಿವಲೀಲಾ," ಎಂದು ಬಟ್ಟಲು ಚಾಚಿದಳು.

ವೈನಿ ನನ್ನ ಮುಖ ನೋಡಿದಳು. ನಾನು ಬಟ್ಟಲು ಇಸಿದುಕೊಂಡು ಬಚ್ಚಲಿಗೆ ಸುರಿದೆ.

"ನೀ ಹೊಟ್ಟ್ಯಾಗಿದ್ದಾಗ ದಿನಾ ಇದನ್ನ ಕುಡದೀನಿ. ಏನಾಗೇದ ನಿನಗ?" ಅವ್ವ ರೇಗಿದಳು.

"ನನಗಿನ್ನೂ ಮಕ್ಕಳಾಗಿಲ್ಲಲ್ಲ ಯವ್ವಾ," ಎಂದೆ.

ಅವ್ವ ಒಲೆಯ ಮೇಲಿದ್ದ ಕಷಾಯದ ಪಾತ್ರೆಯನ್ನು ತಾನೇ ಬಚ್ಚಲಿಗೆ ಒಯ್ದಳು.