ಸವಳಂಗ ರಸ್ತೆಯ ಬಾಂಬ್ ಗುಂಡಿ

ಬೇಸಿಗೆಯ ಕೊನೆ, ನಡುಮಧ್ಯಾಹ್ನ. ಸವಳಂಗ ರಸ್ತೆಯ ಅಂಗಡಿಗಳವರು ಅರ್ಧ ಬಾಗಿಲು ಎಳೆದು ಊಟಕ್ಕೆ ಕೂತಿದ್ದ ಹೊತ್ತಿಗೆ ಶಿವಶಂಕರಪ್ಪನ ಹಿತ್ತಲಿನಲ್ಲಿ ಗುದ್ದಲಿಯ ಸದ್ದು ಶುರುವಾಯಿತು. ಅದು 1998. ನಾವು ಪೋಖ್ರಾನಿನಲ್ಲಿ ಬಾಂಬು ಸಿಡಿಸಿದ್ದೆವು, ಪಾಕಿಸ್ತಾನದವರೂ ಆಗಷ್ಟೇ ಸಿಡಿಸಿದ್ದರು.

ಪಕ್ಕದ ಮನೆಯ ಗಣಪಯ್ಯ, ನಿವೃತ್ತ ಸಂಸ್ಕೃತ ಮೇಷ್ಟ್ರು, ಕಾಂಪೌಂಡಿನ ಮೇಲೆ ಕತ್ತು ಚಾಚಿದರು.

"ಏನು ಮಾರಾಯ್ರೆ, ನಿಧಿ ಸಿಕ್ತಾ?"

"ನಿಧಿ ಎಲ್ಲಿಂದ ಬರ್ಬೇಕು ಮೇಷ್ಟ್ರೇ? ಬಾಂಬ್ ಬಿದ್ರೆ ಜಗದಾಂಬಾನ ಕೂರಿಸೋಕೆ ಒಂದು ಜಾಗ."

"ಶಿವಮೊಗ್ಗಕ್ಕೆ ಯಾವನ್ರೀ ಬಾಂಬ್ ಹಾಕ್ತಾನೆ?"

"ಭದ್ರಾವತಿಗೆ ಹಾಕ್ತಾನೆ. ಅಲ್ಲಿ ಉಕ್ಕಿನ ಕಾರ್ಖಾನೆ ಇದೆ. ಆ ಗಾಳಿ ಇಲ್ಲಿಗೆ ಬರಲ್ವಾ?"

ಶಿವಶಂಕರಪ್ಪ ಆ ಊರಿನಲ್ಲೇ ಕುಲುಮೆಯ ಮುಂದೆ ಆಯುಸ್ಸು ಸವೆಸಿ ಬಂದವನು. ಕುಲುಮೆಯ ಸದ್ದಿಗೆ ಎದುರಾಗಿ ಕೂಗಿ ಕೂಗಿ ಅವನ ದನಿ ಸಾಧಾರಣ ಮಾತಿಗೂ ಜಗಳದಂತೆ ಕೇಳುತ್ತಿತ್ತು.

ಹಿಂದಿನ ಜಗಲಿಯ ಮಂಚದಲ್ಲಿ ಅವನ ಹೆಂಡತಿ ಜಗದಾಂಬಾ ಮಲಗಿದ್ದಳು. ಶಿವರಾತ್ರಿಯ ಆಚೀಚೆ ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಮೈ ಇಳಿದಿತ್ತು, ನಾಲಿಗೆ ಇಳಿದಿರಲಿಲ್ಲ.

"ಮೇಷ್ಟ್ರೇ, ನಿಮಗೂ ಒಂದು ತೋಡಿಸ್ಲಾ?"

"ಬೇಡ ತಾಯಿ. ನಾವು ಸುಟ್ಟು ಬೂದಿಯಾಗೋ ಜನ."

"ಅದು ಗೊತ್ತು ಬಿಡಿ" ಎಂದು ಅವಳು ಕೆಮ್ಮುತ್ತಲೇ ನಕ್ಕಳು.

ಗುಂಡಿ ಇಳಿಯಿತು. ಒಂದು ಬದಿಗೆ ಮೆಟ್ಟಿಲು. ಎದುರಿನ ಮಣ್ಣಿನ ಗೋಡೆಯಲ್ಲಿ ಒಬ್ಬರು ಚಕ್ಕಳಮಕ್ಕಳ ಹಾಕಿ ಕೂರುವಷ್ಟು ಗೂಡು. ಭದ್ರಾವತಿ ಹಳೇನಗರದಿಂದ ಹಾಲಸ್ವಾಮಿಗಳು ಬಂದರು. ಶಿವಶಂಕರಪ್ಪನ ಮನೆಯ ಕಾರ್ಯಗಳಿಗೆಲ್ಲ ಬರುವ ಜಂಗಮರು. ಕೆಳಗಿಳಿದು ದಿಕ್ಕು ನೋಡಿ, ಗೂಡನ್ನು ಸ್ವಲ್ಪ ತಿರುಗಿಸಿ ಕೊರೆಯಲು ಹೇಳಿ ಹೋದರು.

"ಬಾಂಬಿಗೂ ವಾಸ್ತುವಾ!" ಎಂದು ಗಣಪಯ್ಯ ನಕ್ಕರು. ಆದರೆ ಗುಂಡಿ ಅವರ ಕಾಂಪೌಂಡಿಗೆ ತೀರ ಹತ್ತಿರವಿತ್ತು. ಮಳೆ ಹಿಡಿದರೆ ಗೋಡೆ ಕುಸಿಯುತ್ತದೆ ಎಂದು ನಗರಸಭೆಯ ಕಚೇರಿಗೆ ದೂರು ಕೊಟ್ಟರು.

ಎಂಜಿನಿಯರ್ ಸುಘೋಷ ಸ್ಕೂಟರಿನಲ್ಲಿ ಬಂದ. ಎಳೆಯ ವಯಸ್ಸು, ಇಸ್ತ್ರಿ ಮುರಿಯದ ಶರ್ಟು. ಗುಂಡಿಯೊಳಗೆ ಇಣುಕಿ ಟೇಪು ಹಿಡಿದ.

"ಪ್ಲ್ಯಾನ್ ಎಲ್ರೀ? ನೆಲದಡಿ ರೂಮು ಮಾಡೋಕೆ ಲೈಸೆನ್ಸ್ ಬೇಕು. ಪಕ್ಕದವರ ಕಡೆ ಜಾಗ ಬಿಡಬೇಕು. ಗಾಳಿಗೆ ಒಂದು ಕಿಂಡೀನೂ ಇಲ್ಲ, ಒಳಗಿರೋರು ಉಸಿರಾಡೋದು ಹೇಗೆ?"

"ಆ ಚಿಂತೆ ನಮಗಿರ್ಲಿ."

"ಒಬ್ಬರಿಗೇ ಜಾಗ ಇದೆ. ನೀವೆಲ್ಲಿ ಕೂರ್ತೀರಿ?"

"ನಾನು ಆಮೇಲೆ ನೋಡ್ಕೋತೀನಿ. ಬಾಂಬಿಂದ ಬಚಾವಾಗೋ ಗುಂಡಿಗೆ ನಿಮ್ಮ ರೂಲ್ಸ್ ಏನಿದೆ, ಅದನ್ನ ಹೇಳಿ."

"ಅಂಥಾ ರೂಲ್ಸೇ ಇಲ್ಲ. ಇಲ್ಲ ಅಂದ್ಮೇಲೆ ಮಾಡೋ ಹಾಗಿಲ್ಲ."

ಶಿವಶಂಕರಪ್ಪ ಗುದ್ದಲಿಯನ್ನು ನೆಲಕ್ಕೆ ಕುಕ್ಕಿದ.

"ಬಾಂಬ್ ಮಾಡೋಕೆ ರೂಲ್ಸ್ ಇದೆ, ಅಡಗೋಕೆ ಇಲ್ವಾ? ದೀಪಾವಳೀಲಿ ಇನ್ನೊಂದು ಪರ್ಮಿಷನ್ ಕೇಳ್ಕೊಂಡು ನಿಮ್ಮ ಕಚೇರಿಗೇ ಬಂದಿದ್ದೆ. 'ಊರೊಳಗೆ ಅದೆಲ್ಲ ನಡೆಯಲ್ಲ, ನಡೀರಿ' ಅಂದ್ರಿ. ರಸ್ತೆ ಅಗಲ ಮಾಡ್ತೀವಿ ಅಂತ ನನ್ನ ಅಂಗಳ ನುಂಗಿದ್ರಿ. ಚರಂಡಿ ಅಂತ ತೆಂಗಿನ ಬುಡ ಕಡಿದ್ರಿ. ಭದ್ರಾವತೀಲಿ ಯಾವನೋ ನಮ್ಮೋರ ರುದ್ರಭೂಮಿ ಅಗೆದು ಸೈಟು ಮಾಡಿ ಮಾರ್ಕೊಂಡ. ನಮ್ಮ ಮಗಳನ್ನ ಇಟ್ಟ ಜಾಗದಲ್ಲಿ ಈಗ ಸ್ಕೂಟರ್ ನಿಲ್ಲಿಸ್ತಾರೆ! ಆಗ ಎಲ್ಲಿ ಸತ್ತಿತ್ತು ನಿಮ್ಮ ರೂಲ್ಸು?"

ಜಗದಾಂಬಾ ಗೋಡೆಯ ಕಡೆ ಮಗ್ಗುಲಾದಳು.

"ಅದಕ್ಕೂ ಬಾಂಬಿಗೂ ಏನ್ರೀ ಸಂಬಂಧ?" ಸುಘೋಷನಿಗೂ ಸಿಟ್ಟು ಬಂತು. "ಮಳೆ ಹಿಡಿಯೋದ್ರೊಳಗೆ ಮುಚ್ಚಿ. ಇಲ್ಲಾಂದ್ರೆ ಟ್ರ್ಯಾಕ್ಟರಲ್ಲಿ ಮಣ್ಣು ತಂದು ನಾವೇ ಮುಚ್ಚಿಸ್ತೀವಿ."

"ನನ್ನ ಮಣ್ಣು ನಾನೇ ಮುಚ್ತೀನಿ. ಆಮೇಲೆ ನಿಮ್ಮೋರು ಪೈಪು, ಕೇಬಲ್ಲು ಅಂತ ಅಗೆಯೋಕೆ ಬಂದ್ರೆ?"

"ಯಾರೂ ಬರಲ್ಲ."

"ಬಾಯಿಮಾತು ಬೇಡ. ನಾನು ಅಗೆಯೋ ಹಾಗಿಲ್ಲ ಅಂದ್ರೆ ಯಾರೂ ಅಗೆಯೋ ಹಾಗಿಲ್ಲ. ನಿಮ್ಮ ಕಚೇರಿ ಬೋರ್ಡು ನೆಡ್ಸಿ. ನೆಡಿಸ್ತೀನಿ ಅಂದ್ರೆ ಮುಚ್ತೀನಿ. ಇಲ್ಲಾಂದ್ರೆ ಟ್ರ್ಯಾಕ್ಟರ್ ಮುಂದೆ ಮಲಗ್ತೀನಿ!"

ಮುದುಕನ ಹಟಕ್ಕೆ ಸುಘೋಷ ನಕ್ಕುಬಿಟ್ಟ. "ಆಯ್ತು ಮಾರಾಯ್ರೆ. ನೀವು ಮುಚ್ಚಿದ ಮೇಲೆ ಹೇಳಿಕಳ್ಸಿ. ದೊಡ್ಡ ಬೋರ್ಡೇ ಹಾಕಿಸ್ತೀನಿ."

ಗಣಪಯ್ಯ ತಮ್ಮ ಮಗಳು ಚೈತನ್ಯಾಳ ಮನೆಗೆಂದು ಭದ್ರಾವತಿಗೆ ಹೋದರು. ಅವರು ವಾಪಸು ಬಂದ ಸೋಮವಾರ, ಮೊದಲ ಮಳೆ ಬಿದ್ದು ನೆಲ ಕಪ್ಪಾಗಿತ್ತು. ಗುಂಡಿ ಮುಚ್ಚಿತ್ತು. ಮಣ್ಣನ್ನು ತುಳಿದು, ಮಟ್ಟ ಮಾಡಿ, ನೀರು ಹಾಕಿ ಗಟ್ಟಿ ಮಾಡಿದ್ದರು. ಕಚೇರಿಯ ಇಬ್ಬರು ಆಳುಗಳು ಬೋರ್ಡು ಹಿಡಿದು ನಿಂತಿದ್ದರು: 'ಈ ಸ್ಥಳವನ್ನು ಅಗೆಯುವುದನ್ನು ನಿಷೇಧಿಸಲಾಗಿದೆ.'

"ಅಲ್ಲಲ್ಲ. ಇನ್ನೂ ಹಿಂದಕ್ಕೆ" ಎಂದ ಶಿವಶಂಕರಪ್ಪ. "ಆ ಕೊನೆಗೆ. ಮೆಲ್ಲಗೆ ನೆಡ್ರಪ್ಪಾ. ಕಂಬ ಆಳಕ್ಕೆ ಇಳಿಸಬೇಡಿ."

ಕುಲುಮೆಯ ದನಿ ಎಲ್ಲಿ ಹೋಯಿತೋ! ಕಣ್ಣು ಮಾತ್ರ ಕೆಂಡವಾಗಿಯೇ ಇತ್ತು. ಸುಘೋಷ ಬೋರ್ಡಿನ ಕಂಬ ಅಲ್ಲಾಡಿಸಿ ನೋಡಿದ. "ಇನ್ನು ಇಲ್ಲಿ ಯಾರೂ ಕೈ ಹಾಕಲ್ಲ. ಸಮಾಧಾನವಾ ಯಜಮಾನ್ರೇ?"

ಶಿವಶಂಕರಪ್ಪ ಕಂಬದ ಬುಡದ ಮಣ್ಣನ್ನು ಅಂಗೈಯಿಂದ ಸವರಿ ಮಟ್ಟ ಮಾಡಿದ. ಗಣಪಯ್ಯನವರಿಗೆ ತಾವು ದೂರು ಕೊಟ್ಟದ್ದು ಅತಿಯಾಯಿತೇನೋ ಅನ್ನಿಸಿತು. ಜಗಲಿಯ ಕಡೆ ನೋಡಿದರು. ಮಂಚ ಖಾಲಿ.

"ಜಗದಾಂಬಮ್ಮ ಎಲ್ರೀ?"

"ಒಳಗೆ ಕೂತಿದ್ದಾಳೆ."

"ಅರೆ, ಎದ್ದು ಕೂರೋ ಹಾಗಾದ್ರಾ? ಒಳ್ಳೇದಾಯ್ತು ಬಿಡಿ."

"ಹೂಂ. ಇನ್ನು ಅವಳನ್ನ ಯಾರೂ ಎಬ್ಬಿಸೋ ಹಾಗಿಲ್ಲ."

ಬೋರ್ಡಿನ ಈಚೆ ನೆಲದಡಿ, ಮಣ್ಣಿನ ಆ ಗೂಡಿನಲ್ಲಿ, ಅಂಗೈಯಲ್ಲಿ ಇಷ್ಟಲಿಂಗ ಹಿಡಿದು, ಎದೆಮಟ್ಟ ವಿಭೂತಿಯಲ್ಲಿ ಕೂತಿದ್ದಳು ಜಗದಾಂಬಾ. ಅವಳು ಹೋದದ್ದು ಶನಿವಾರ.