ಒಂದೇ ದನಿಯ ಆಲ್ಬಂ

ಪತ್ರಿಕೆಯಲ್ಲಿ ಬಂದ ವಿಮರ್ಶೆಯ ತುಣುಕನ್ನು ತಂಗಿ ಮೈಕಿನ ಕಂಬಕ್ಕೆ ಅಂಟಿಸಿ ಹೋಗಿದ್ದಳು. ‘ಒಂದೇ ದನಿ’ ಎಂಬ ಪದಗಳ ಕೆಳಗೆ ಕೆಂಪು ಗೆರೆ. ಪಕ್ಕದಲ್ಲಿ ಅವಳ ಕೈಬರಹ: ‘ನನ್ನನ್ನು ಅಳಿಸಿದ್ದಕ್ಕೆ ಅಭಿನಂದನೆ, ಅಣ್ಣ.’

ಅದಾಗಿ ಹದಿನೇಳು ದಿನ.

ವಿಮರ್ಶೆಯಲ್ಲಿದ್ದದ್ದು ಬರೀ ಹೊಗಳಿಕೆ. ‘ನೆಲಮಾಳಿಗೆಯಿಂದ ಬಂದ ಈ ಹಿಪ್‌ಹಾಪ್ ಗುಂಪಿನ ಚೊಚ್ಚಲ ಆಲ್ಬಂ ದೂರ ಹೋಗುತ್ತದೆ. ಒಂದೇ ದನಿ ಪ್ರಶ್ನೆ ಕೇಳುತ್ತದೆ, ಕಾಯುತ್ತದೆ. ಉತ್ತರ ಬರುವುದಿಲ್ಲ. ಆ ಮೌನವೇ ಇದರ ಬಲ.’ ಮರುದಿನವೇ ದೊಡ್ಡ ಕಂಪನಿಯೊಂದರಿಂದ ಫೋನ್ ಬಂತು: ಆ ಮೌನದ ಆಲ್ಬಂ ನಮಗೇ ಕೊಡಿ. ಅಣ್ಣ ಇನ್ನೂ ಹ್ಞೂಂ ಅಂದಿರಲಿಲ್ಲ.

ಏಕೆಂದರೆ ಅವರ ಆಲ್ಬಂನಲ್ಲಿ ಮೌನವೇ ಇರಲಿಲ್ಲ. ಗುಂಪು ಎಂದರೆ ಇಬ್ಬರೇ. ಅಣ್ಣ ಲಿಫ್ಟ್ ರಿಪೇರಿಯವನು, ತಂಗಿ ಬಟ್ಟೆ ಅಂಗಡಿಯಲ್ಲಿ ಪ್ಯಾಂಟಿನ ಉದ್ದ ಸರಿಮಾಡುವವಳು. ಇಬ್ಬರನ್ನ ಯಾರಾದರೂ ಗುಂಪು ಅಂತಾರಾ ಎಂದು ಕೇಳಿದವರಿಗೆ, ‘ಜಗಳಕ್ಕೆ ಇಷ್ಟು ಜನ ಸಾಕು’ ಎನ್ನುತ್ತಿದ್ದಳು. ಹತ್ತು ಹಾಡುಗಳೂ ಜಗಳವೇ. ಎಲ್ಲರೂ ಹಾಡುವವರ ದನಿಯನ್ನು ನಡುವೆ, ಎರಡೂ ಕಿವಿಗೆ ಸಮನಾಗಿ ಇಡುತ್ತಾರೆ. ಅವಳು ಒಪ್ಪಲಿಲ್ಲ. ಅಣ್ಣ ಪೂರ್ತಿ ಬಲಕ್ಕೆ, ತಾನು ಪೂರ್ತಿ ಎಡಕ್ಕೆ. ಕೇಳುವವರು ನಮ್ಮ ಜಗಳದ ನಡುವೆ ಸಿಕ್ಕಿಬೀಳಬೇಕು ಎಂದು ಹಟ ಹಿಡಿದಿದ್ದಳು.

ದನಿಗಳನ್ನೆಲ್ಲ ಹೊಂದಿಸುವ ಕೊನೆಯ ಮಿಕ್ಸಿಂಗ್ ಮಾಡಿದ್ದು ಅಣ್ಣನೊಬ್ಬನೇ. ಪತ್ರಿಕೆಗೆ ಪ್ರತಿ ಒಯ್ದು ಕೊಟ್ಟವನೂ ಅವನೇ. ಅದಕ್ಕೂ ಮೊದಲು, ನಿಜವಾದ ಜಗಳವೊಂದರಲ್ಲಿ, ‘ನೀನಿಲ್ದಿದ್ರೂ ಹಾಡು ನಡೆಯುತ್ತೆ’ ಎಂದವನೂ ಅವನೇ. ಅವಳಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ; ಅವನ ಬಳಿಯಿರುವ ಪ್ರತಿ ಬೇರೆ, ಪತ್ರಿಕೆಗೆ ಕೊಟ್ಟದ್ದು ಬೇರೆ ಎಂದೇ ನಂಬಿದ್ದಳು.

ಈಗ ಅವರು ಹಾಡು ಕಟ್ಟುವ ನೆಲಮಾಳಿಗೆಯಲ್ಲಿ ನೀರಿನ ಪಂಪಿನ ಸದ್ದೊಂದೇ. ಅವನು ತನ್ನ ಸಾಲು ಹೇಳುತ್ತಿದ್ದ, ಅಭ್ಯಾಸಬಲದಿಂದ ಅವಳ ಸಾಲಿಗೆ ಜಾಗ ಬಿಡುತ್ತಿದ್ದ. ಆ ಜಾಗದಲ್ಲಿ ಪಂಪು ಗೊರಗುಟ್ಟುತ್ತಿತ್ತು. ನಿನ್ನೆ ಒಮ್ಮೆ ಅವಳು ಫೋನ್ ಎತ್ತಿದ್ದಳು. ‘ಬರೆದವರ ಬಾಯಲ್ಲೇ ಹೇಳಿಸು, ನಾನು ಕೇಳಿಸ್ಕೋಬೇಕು. ಇಲ್ಲದಿದ್ರೆ ಇದೇ ಕೊನೇ ಮಾತು.’

ಅದಕ್ಕೇ ಇವತ್ತು, ಕೆಲಸದ ಸಮವಸ್ತ್ರದಲ್ಲೇ ಪತ್ರಿಕಾ ಕಚೇರಿಗೆ ಬಂದಿದ್ದ.

‘ನಮ್ಮ ಲಿಫ್ಟ್ ಸರಿಯಾಗೇ ಇದೆಯಲ್ಲಪ್ಪ’ ಎಂದಳು ಬಾಗಿಲ ಬಳಿ ಕೂತವಳು.

ವಿಮರ್ಶಕರು ಅರವತ್ತರ ಆಸುಪಾಸಿನವರು. ಅವರ ಎಡಗಡೆಯಿದ್ದ ಕುರ್ಚಿಗೆ ಅವನು ಕೈಹಾಕುತ್ತಿದ್ದಂತೆ, ‘ಅಲ್ಲಿ ಬೇಡ, ಈ ಕಡೆ ಬನ್ನಿ’ ಎಂದು ಬಲಗಡೆಯ ಸ್ಟೂಲು ತೋರಿಸಿದರು. ಎಡಗಡೆ ಮೇಜಿನ ಸಹೋದ್ಯೋಗಿ ಎರಡು ಸಲ, ‘ಸಾರ್, ಪುಟ ಅಚ್ಚಿಗೆ ಬಿಡಲಾ?’ ಎಂದು ಕೇಳಿದ. ಅವರು ತಿರುಗಿಯೂ ನೋಡಲಿಲ್ಲ. ಸಹೋದ್ಯೋಗಿ ನಿಟ್ಟುಸಿರು ಬಿಟ್ಟು ಎದ್ದು ಬಂದು, ಅವರ ಮುಂದೆ ನಿಂತು ಕೇಳಿಕೊಂಡು ಹೋದ. ಎಂಥಾ ಜಂಬ ಎಂದುಕೊಂಡ ಅಣ್ಣ.

ತಂಗಿಯ ನಂಬರು ಒತ್ತಿ, ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದ.

‘ಸಾರ್, ನಮ್ಮ ಆಲ್ಬಂನಲ್ಲಿ ಎಷ್ಟು ದನಿ ಇದೆ? ದಯವಿಟ್ಟು ಹೇಳಿಬಿಡಿ.’

‘ಒಂದು’ ಎಂದರು ಅವರು. ‘ನಿಮ್ಮದು.’

ಅಣ್ಣ ಗಾಬರಿಯಿಂದ ಫೋನಿನತ್ತ ನೋಡಿದ.

‘ನಲವತ್ತು ಸಲ ಕೇಳಿದ್ದೀನಿ. ನೀವು ಬಿಟ್ಟ ಆ ಜಾಗ ಇದೆಯಲ್ಲ, ಅಲ್ಲಿ ನಾನೇ ಉತ್ತರ ಕೊಡೋಕೆ ಶುರುಮಾಡಿದೆ. ನಮ್ಮ ಮನೇಲೂ ಹಾಗೇ. ನನ್ನಾಕೆ ಹೋದ ಮೇಲೆ ಕೇಳೋದೂ ನಾನೇ, ಹೇಳೋದೂ ನಾನೇ.’ ಅವರ ಮಾತಿನಲ್ಲಿ ಕಪಟವಿರಲಿಲ್ಲ. ಅವನಿಗೆ ಹೆದರಿಕೆ ಹುಟ್ಟಿಸಿದ್ದು ಅದೇ. ನಿಜಕ್ಕೂ ಪ್ರತಿ ಹಾಳಾಗಿತ್ತೇ? ತಾನೇ ಯಾವುದೋ ಗುಂಡಿ ಒತ್ತಿಬಿಟ್ಟಿದ್ದನೇ?

‘ಅದೇ ಪ್ರತಿ ಇದೆಯಾ ಸಾರ್?’

ಅವರು ಹೆಡ್‌ಫೋನ್ ಚಾಚಿದರು. ಅವನು ಹಾಕಿಕೊಂಡ. ಬಲದಲ್ಲಿ ಅವನು, ಎಡದಲ್ಲಿ ಅವಳು. ಒಂದಕ್ಷರವೂ ಹೋಗಿರಲಿಲ್ಲ.

‘ಇದ್ದಾಳೆ!’ ಎಂದು ಕೂಗಿದ. ಇಡೀ ಕಚೇರಿ ತಿರುಗಿ ನೋಡಿತು. ‘ಇದ್ದೀಯ ಕಣೇ! ಇದರಲ್ಲೇ ಇದ್ದೀಯ!’

‘ನಾಟಕ ಸಾಕು, ಅಣ್ಣ’ ಎಂದಿತು ಫೋನು. ‘ಅವರು ಹೇಳಿದ್ದು ಕೇಳಿಸ್ತು. ಇಡ್ತೀನಿ.’

‘ಒಂದೇ ನಿಮಿಷ ತಡಿ!’ ಅವನು ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದ. ‘ನಲವತ್ತು ಸಲ ಕೇಳಿದ್ರಂತೆ! ನಿಮಗೇನು ಕಿವಿ ಇಲ್ವಾ ಸಾರ್?’

ವಿಮರ್ಶಕರ ಮುಖ ಬಿಳಿಚಿತು. ಸಹೋದ್ಯೋಗಿಯ ಕಡೆ ಕಳ್ಳನೋಟ ಹರಿಸಿ, ತಡಬಡಿಸಿ ಹೆಡ್‌ಫೋನ್ ಎತ್ತಿ ತಲೆಗೇರಿಸಿಕೊಂಡು ಅದೇ ಹಾಡು ಹಚ್ಚಿದರು. ಒಂದು ಸಾಲು ಕಳೆಯಿತು. ಎರಡು.

‘ಇದರಲ್ಲಿ ನೀವೇ ಇಲ್ಲ’ ಎಂದರು ಮೆಲ್ಲಗೆ. ‘ಯಾರ್ರೀ ಈ ಹೆಣ್ಣುಮಗಳು?’

ಫೋನ್ ಇನ್ನೂ ಕಡಿದಿರಲಿಲ್ಲ.

ಅವನು ಹೆಡ್‌ಫೋನಿನತ್ತ ನೋಡಿದ: ಗಡಿಬಿಡಿಯಲ್ಲಿ ಅವರು ಅದನ್ನು ಎಡಬಲ ತಿರುವುಮುರುವಾಗಿ ಹಾಕಿಕೊಂಡಿದ್ದರು, ತಂಗಿಯ ದನಿ ಮೊದಲ ಬಾರಿಗೆ ಅವರ ಬಲಗಿವಿಗೆ, ಕೇಳಿಸುವ ಒಂದೇ ಕಿವಿಗೆ ಬಿದ್ದಿತ್ತು.