ನಾಗಲಿಂಗಪ್ಪನವರ ಒಂದೇ ಫೋಟೋ

ಮೊದಲೇ ಕ್ಷಮೆ ಕೇಳುತ್ತೇನೆ... ತಿಳಿದವರ ಮುಂದೆ ಕಥೆ ಹೇಳುವ ಯೋಗ್ಯತೆ ನನಗಿಲ್ಲ. ಆದರೂ ಮನಸ್ಸು ತಡೆಯಲಿಲ್ಲ.

ಹರಪನಹಳ್ಳಿಯಲ್ಲಿ ಕೊಟ್ರೇಶನದು ಕಂಪ್ಯೂಟರ್ ರಿಪೇರಿ ಅಂಗಡಿ. ಒಂದು ಮಧ್ಯಾಹ್ನ ಹಾಲಮ್ಮ ಹಳೇ ಸಿಪಿಯು ಒಂದನ್ನು ಸೀರೆ ತುಂಡಿನಲ್ಲಿ ಸುತ್ತಿ, ಆಟೋದಲ್ಲಿ ತಂದಿಳಿಸಿದರು.

ಅವರ ಗಂಡ ನಾಗಲಿಂಗಪ್ಪ ಹಳ್ಳಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವರು. ತೀರಿಕೊಂಡು ಆರು ದಿನವಾಗಿತ್ತು.

ಸುತ್ತ ಹತ್ತು ಹಳ್ಳಿಯಲ್ಲಿ ಯಾರು ಸತ್ತರೂ, ಹಾರ ಹಾಕುವ ಫೋಟೋ ಅವರು ತೆಗೆದದ್ದೇ... ಅವರದೇ ಒಂದು ಒಳ್ಳೆ ಫೋಟೋ ಮಾತ್ರ ಇರಲಿಲ್ಲ.

ಇದ್ದದ್ದು ಒಂದೇ. ಹೊಸ ಲೈಟ್ ಪರೀಕ್ಷೆ ಮಾಡಲು ತಾವೇ ಸ್ಟೂಲ್ ಮೇಲೆ ಕೂತು, ಹೆಂಡತಿಯ ಕೈಲಿ ಬಟನ್ ಒತ್ತಿಸಿದ್ದರು. ಆಕೆಯ ಗಾಬರಿ ನೋಡಿ ನಕ್ಕಿದ್ದರು.

ಆ ನಗು ಈ ಕಂಪ್ಯೂಟರ್‌ನಲ್ಲಿತ್ತು. ನಾಡಿದ್ದು ಅವರ ಶಿವಗಣಾರಾಧನೆ, ಫೋಟೋ ಇಟ್ಟು ಹಾರ ಹಾಕುವ ತಿಥಿ...

ಕಂಪ್ಯೂಟರ್ ಆನ್ ಆಗುತ್ತಿರಲಿಲ್ಲ.

ಕೊಟ್ರೇಶ ಸ್ವಿಚ್ ಹಾಕಿದ. ಫ್ಯಾನ್ ತಿರುಗಿತು, ಸ್ಕ್ರೀನ್ ಕಪ್ಪು. ರ‍್ಯಾಮ್ ತೆಗೆದು ರಬ್ಬರ್‌ನಿಂದ ಉಜ್ಜಿ ಕೂರಿಸಿದ. ಹಳೇ ಸೆಲ್ ಬದಲಿಸಿದ.

ಸ್ಕ್ರೀನ್ ಬೆಳಗಿತು... ಹಾಲಮ್ಮ ಕೈಮುಗಿದರು.

ಅಷ್ಟರಲ್ಲಿ ಒಳಗಿಂದ ಟಿಕ್... ಟಿಕ್... ಫೋಟೋಗಳಿದ್ದ ಹಾರ್ಡ್ ಡಿಸ್ಕ್ ಸತ್ತಿತ್ತು. ಬೇರೆ ಕಂಪ್ಯೂಟರ್‌ಗೆ ಹಾಕಿ ನೋಡಿದ. ದಾವಣಗೆರೆಯ ಗೆಳೆಯನಿಗೆ ಫೋನಿನಲ್ಲೇ ಆ ಸದ್ದು ಕೇಳಿಸಿದ. ಆತ ಆಸೆ ಬಿಡು ಅಂದ.

ಹಾಲಮ್ಮ ತಪ್ಪು ತನ್ನದೇ ಅಂದುಕೊಂಡರು. ಆಯುಧಪೂಜೆ ದಿನ ಗಂಡ ಆಸ್ಪತ್ರೆಯಲ್ಲಿದ್ದರು, ನಾನೇ ಕಂಪ್ಯೂಟರ್‌ಗೆ ವಿಭೂತಿ ಬಳಿದು ತೀರ್ಥ ಚಿಮುಕಿಸಿದ್ದೆ, ನೀರು ಒಳಗೆ ಹೋಗಿರಬೇಕು ಅಂದರು. ಪೂಜೆ ಮಾಡಿದಳೋ ಸ್ನಾನ ಮಾಡಿಸಿದಳೋ ಅಂತ ನಾದಿನಿ ಆಗಲೇ ಚುಚ್ಚಿದ್ದಳಂತೆ.

ಕೊಟ್ರೇಶ ತಲೆ ತಗ್ಗಿಸಿದ. ಒಳಗೆ ನೀರಿನ ಗುರುತೇ ಇರಲಿಲ್ಲ.

ಬೇಸಿಗೆಯಲ್ಲೇ ನಾಗಲಿಂಗಪ್ಪ ಈ ಸದ್ದಿನ ಬಗ್ಗೆ ಅವನಿಗೆ ಫೋನ್ ಮಾಡಿದ್ದರು. ಫೋಟೋಗಳನ್ನು ಬೇರೆ ಕಡೆ ಕಾಪಿ ಮಾಡಿಕೊಡು ಅಂದಿದ್ದರು. ಮುಂದಿನ ವಾರ ಬರ್ತೀನಿ ಯಜಮಾನ್ರೇ ಅಂದಿದ್ದ ಕೊಟ್ರೇಶ. ಮತ್ತೆ ಫೋನ್ ಬಂದಾಗಲೂ ಅದನ್ನೇ ಹೇಳಿದ್ದ.

ಈಗ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ...

"ಅಕ್ಕಾ, ನಿಮ್ಮ ತೀರ್ಥದಿಂದ ಆಗಿದ್ದಲ್ಲ ಇದು. ಅವ್ರು ನನ್ನ ಎರಡು ಸಲ ಕರೆದಿದ್ರು. ನಾನೇ ಬರಲಿಲ್ಲ."

ಹಾಲಮ್ಮ ಬೈಯಲಿಲ್ಲ. ಸೀರೆ ತುಂಡನ್ನು ಮತ್ತೆ ಸಿಪಿಯುಗೆ ಸುತ್ತತೊಡಗಿದರು. ಆಮೇಲೆ ಮೆಲ್ಲಗೆ ಕೇಳಿದರು...

"ಫ್ರೇಮ್ ಹಾಕಾಕಂತ ಗೋಡೆಗೆ ಮೊಳೆ ಹೊಡೆದು ಬಂದೀನಿ ತಮ್ಮಾ... ಅದನ್ನ ಈಗ ಕೀಳ್ಲೋ, ಬಿಡ್ಲೋ?"

ಕೊಟ್ರೇಶನ ಕಣ್ಣು ತುಂಬಿತು.

ನಮಗೆ ಅದು ಹತ್ತರಲ್ಲೊಂದು ಕೆಲಸ. ಕೇಳಿದವರಿಗೆ ಇದ್ದದ್ದೇ ಅದೊಂದು.

ಎರಡು ಸಲ ಕರೆದು ಸುಮ್ಮನಾದವರು ನಿಮ್ಮ ಬದುಕಿನಲ್ಲೂ ಯಾರಾದರೂ ಇದ್ದಾರೆಯೇ?

ಕೊಟ್ರೇಶ ಅವತ್ತೇ ಹೋಗಿದ್ದರೆ ಆ ಫೋಟೋ ಉಳಿಯುತ್ತಿತ್ತೋ ಇಲ್ಲವೋ... ನನಗೆ ನಿಜವಾಗಿಯೂ ಗೊತ್ತಿಲ್ಲ.